ಆರು ವರ್ಷದ ಟಕಟಕ: ಟೈಪಿಂಗ್ ಅಂಗಡಿಯಲ್ಲಿ ನೀಲಿ ಸ್ವಿಚ್ಚಿನ ಕೀಬೋರ್ಡ್

ರಾಯಚೂರು ಕೋರ್ಟಿನ ಹತ್ತಿರದ ಓಣಿಯಲ್ಲಿ ನನ್ನದೊಂದು ಜಾಬ್ ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್, ವಾಟ್ನಿ ಪತ್ರ, ಬಾಡಿಗೆ ಕರಾರು, ಸುಗ್ಗಿ ಮುಗಿದ ಮೇಲೆ ಮದುವೆ ಬಯೋಡೇಟಾ. ದಿನಕ್ಕೆ ಇಪ್ಪತ್ತೈದು ಪುಟ ಹೊಡೆಯದಿದ್ದರೆ ಬಾಡಿಗೆ ಹುಟ್ಟುವುದಿಲ್ಲ. ಕೀಬೋರ್ಡಿನ ಬಗ್ಗೆ ಸಿಗುವ ವಿಮರ್ಶೆಗಳೆಲ್ಲ ಗೇಮ್ ಆಡುವ ಹುಡುಗರವು, ಲೈಟಿನ ಬಣ್ಣ ಹೇಳುವುದರಲ್ಲೇ ಅರ್ಧ ಮುಗಿದಿರುತ್ತದೆ. ದಿನವಿಡೀ ಕನ್ನಡ ಹೊಡೆಯುವ ಕೈಗೆ ಯಾವುದು ಒಗ್ಗುತ್ತದೆ ಅಂತ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆರು ವರ್ಷ ಒಂದೇ ಕೀಬೋರ್ಡ್ ಕುಟ್ಟಿದ್ದೇನೆ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಕಂಪನಿ ಹೆಸರು ಹಾಕುವುದಿಲ್ಲ. ಕೈಗೆ ತಾಗುವುದು ಒಳಗಿನ ಸ್ವಿಚ್ಚು, ಮೇಲಿನ ಹೆಸರು ಯಾವುದಿದ್ದರೇನು. ನನ್ನದು ನೀಲಿ ಸ್ವಿಚ್ಚಿನ ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಒಂದೊಂದು ಕೀಯ ಅಡಿಯಲ್ಲೂ ಅದರದೇ ಸ್ವಿಚ್ಚು, ನಂಬರ್ ಪ್ಯಾಡ್ ಸಮೇತ ಪೂರ್ತಿ ಗಾತ್ರದ್ದು. ಕೊಂಡಾಗ 2,700 ರೂಪಾಯಿ. ಅದಕ್ಕೂ ಮುಂಚೆ 400 ರೂಪಾಯಿಯ ರಬ್ಬರ್ ಗುಬ್ಬಿಯ ಕೀಬೋರ್ಡ್ ತರುತ್ತಿದ್ದೆ, ಎಂಟು ತಿಂಗಳಿಗೊಂದು ಹಾಳಾಗುತ್ತಿತ್ತು. ಆರು ವರ್ಷಕ್ಕೆ ಒಂಬತ್ತು, ಅಂದರೆ 3,600. ದುಡ್ಡಿನ ಲೆಕ್ಕ ಅಲ್ಲಿಗೆ ಮುಗಿಯಿತು.

ನಾನು ಕಲಿತದ್ದು ಟೈಪ್‌ರೈಟರ್ ಮೇಲೆ. ಇನ್‌ಸ್ಟಿಟ್ಯೂಟಿನಲ್ಲಿ ಹದಿನೆಂಟು ಮಷೀನು, ಒಂದೇ ಕೋಣೆ, ಸದ್ದಿನಲ್ಲಿ ಪಕ್ಕದವಳ ಮಾತೂ ಕೇಳುತ್ತಿರಲಿಲ್ಲ. ಆದರೂ ನನ್ನ ಅಕ್ಷರ ಬಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ. ವಕೀಲರು ಕೈಯಲ್ಲಿ ಬರೆದುಕೊಟ್ಟ ಡ್ರಾಫ್ಟು ಎಡಗಡೆ ಇರುತ್ತದೆ, ಕಣ್ಣು ಅದರ ಮೇಲೆ. ಪರದೆ ನೋಡುವುದು ಪ್ಯಾರಾ ಮುಗಿದ ಮೇಲೆ. ಅಲ್ಲಿಯವರೆಗೆ ಅಕ್ಷರ ಬಿತ್ತೋ ಇಲ್ಲವೋ ಅಂತ ಹೇಳಬೇಕಾದ್ದು ಬೆರಳು ಮತ್ತು ಕಿವಿ.

ರಬ್ಬರಿನ ಕೀಬೋರ್ಡ್ ಸೋಲುವುದು ಇಲ್ಲೇ. ಅದರಲ್ಲಿ ಕೀಯನ್ನು ತಳದವರೆಗೆ ಅದುಮಬೇಕು. ಅದುಮಿದರೂ ನಾದಿದ ಹಿಟ್ಟಿನ ಮೇಲೆ ಬೆರಳಿಟ್ಟ ಹಾಗೆ, ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಹೊಸದರಲ್ಲಿ ಪರವಾಗಿಲ್ಲ. ನಾಲ್ಕು ತಿಂಗಳಿಗೆ ಒಂದೊಂದು ಕೀ ಒಂದೊಂದು ನಮೂನಿ: ಎಡಗಡೆಯದು ಮೆತ್ತಗೆ, ಬಲಗಡೆಯದು ಬಿರುಸು, ಸ್ಪೇಸ್ ಬಾರ್ ಒಂದು ಮೂಲೆಯಲ್ಲಿ ಒತ್ತಿದರೆ ಮಾತ್ರ ಏಳುತ್ತದೆ.

ನೀಲಿ ಸ್ವಿಚ್ಚಿನಲ್ಲಿ ಕೀ ಒಟ್ಟು ನಾಲ್ಕು ಮಿಲಿಮೀಟರ್ ಇಳಿಯುತ್ತದೆ, ಅರ್ಧ ದಾರಿ ದಾಟುತ್ತಲೇ ಅಕ್ಷರ ಬಿದ್ದಿರುತ್ತದೆ. ಆ ಜಾಗದಲ್ಲೇ ಬೆರಳಿಗೊಂದು ತಡೆ, ಕಿವಿಗೊಂದು ಟಿಕ್. ಒಣಗಿದ ಶೇಂಗಾ ಸುಲಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಸದ್ದು. ಒಳಗಿನ ದಂಟಿಗೆ ಒಂದು ಸಣ್ಣ ಬಿಳಿ ತುಂಡು ಸಡಿಲವಾಗಿ ಕೂತಿರುತ್ತದೆ, ಕೀ ಆ ತಡೆ ದಾಟಿದಾಗ ಅದು ಚಟ್ಟನೆ ಕೆಳಗೆ ಹಾರಿ ಬಡಿಯುತ್ತದೆ. ತಡೆ ದಾಟಲು ಬೇಕಾದ ಭಾರ ಸುಮಾರು 60 ಗ್ರಾಂ. ಮೊದಲ ವಾರ ಕಿರುಬೆರಳು ನೋಯ್ತು. ಆಮೇಲೆ ತಳಕ್ಕೆ ಬಡಿಯದೆ, ಟಿಕ್ ಕೇಳಿದ ಕೂಡಲೇ ಬೆರಳು ಎತ್ತುವುದು ರೂಢಿಯಾಯಿತು. ಸಂಜೆ ಮಣಿಕಟ್ಟು ಹಿಡಿದುಕೊಳ್ಳುವುದು ನಿಂತದ್ದು ಅದರಿಂದಲೇ ಅಂತ ನನ್ನ ನಂಬಿಕೆ. ಡಾಕ್ಟರನ್ನು ಕೇಳಿಲ್ಲ.

ಕನ್ನಡಕ್ಕೆ ಇನ್ನೊಂದು ಮಾತಿದೆ, ಇಂಗ್ಲಿಷಿನ ವಿಮರ್ಶೆಯಲ್ಲಿ ಅದು ಬರುವುದಿಲ್ಲ. ನಾನು ಹೊಡೆಯುವುದು ‘ನುಡಿ’ ತಂತ್ರಾಂಶದಲ್ಲಿ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಕೆ ಒತ್ತಿದರೆ ‘ಕ’, ಅದಕ್ಕೆ ಮತ್ತೆ ಎ ಸೇರಿಸಬೇಕಿಲ್ಲ. ‘ಕನಕಗಿರಿ’ಗೆ ಏಳೇ ಒತ್ತು. ಇಂಗ್ಲಿಷ್ ಕಾಗುಣಿತದಂತೆ ಹೊಡೆದರೆ ಹತ್ತು. ಒತ್ತಕ್ಷರಕ್ಕೆ ಎಫ್ ಕೀ. ಅದು ಎಡಗೈ ತೋರುಬೆರಳು ಕೂರುವ ಜಾಗ, ಕಣ್ಣು ಮುಚ್ಚಿದರೂ ಸಿಗಲಿ ಅಂತ ಮೇಲೊಂದು ಗೀಟೂ ಇರುತ್ತದೆ. ಒತ್ತಕ್ಷರವನ್ನು ಅಲ್ಲಿ ಕೂರಿಸಿದ ಬುದ್ಧಿಗೆ ನಾನು ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಅದರ ಬದಲಿಗೆ ಶಿಫ್ಟ್ ಕೀಗೆ ಬಿಡುವಿಲ್ಲ. ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್, ‘ಳ’ ‘ಣ’ಕ್ಕೂ ಶಿಫ್ಟ್. ‘ಸಿಂಧನೂರು’ ಅಂತ ಹೊಡೆಯಲು ಎಂಟು ಕೀ, ಅದರಲ್ಲಿ ಮೂರಕ್ಕೆ ಶಿಫ್ಟ್ ಹಿಡಿಯಬೇಕು. ‘ಬಳ್ಳಾರಿ’ಯಲ್ಲೂ ಮೂರು. ಇಂಗ್ಲಿಷಿನವರಿಗೆ ವಾಕ್ಯಕ್ಕೊಂದೋ ಎರಡೋ ಸಲ. ಹಾಗಾಗಿ ಕನ್ನಡ ಹೊಡೆಯುವವರು ಅಂಗಡಿಯಲ್ಲಿ ಕೀಬೋರ್ಡ್ ನೋಡುವಾಗ ಮೊದಲು ಶಿಫ್ಟ್ ಒತ್ತಿ ನೋಡಿ. ಉದ್ದನೆಯ ಕೀಗಳ ಅಡಿಯಲ್ಲಿ ಸಮತೂಕಕ್ಕೆ ತಂತಿ ಇರುತ್ತದೆ. ನನ್ನದರಲ್ಲಿ ಆ ತಂತಿ ಮೊದಲ ದಿನದಿಂದಲೇ ಗಲಗಲ. ಮೆಡಿಕಲ್ ಶಾಪಿನಿಂದ ಗಾಯಕ್ಕೆ ಅಂಟಿಸುವ ಪಟ್ಟಿ ತಂದು, ಚೂರು ಕತ್ತರಿಸಿ, ತಂತಿ ಬಡಿಯುವ ಜಾಗಕ್ಕೆ ಅಂಟಿಸಿದೆ. ಐದು ರೂಪಾಯಿಯ ರಿಪೇರಿ, ಇವತ್ತಿಗೂ ಗಟ್ಟಿ.

ಬೇರೆ ಬಣ್ಣದ ಸ್ವಿಚ್ಚೂ ನೋಡಿದ್ದೇನೆ. ಈ ಬಣ್ಣಗಳ ಪದ್ಧತಿ ಜರ್ಮನಿಯ ಚೆರ್ರಿ ಕಂಪನಿಯದು, ಅವರ ಎಂಎಕ್ಸ್ ಸ್ವಿಚ್ಚು ಬಂದದ್ದು 1980ರ ದಶಕದಲ್ಲಿ. ಪೇಟೆಂಟ್ ಮುಗಿದ ಮೇಲೆ ಚೀನಾದ ಕಂಪನಿಗಳೂ ಅದೇ ನಮೂನೆಯವನ್ನು ಮಾಡತೊಡಗಿದವು, ನಮ್ಮಂಥವರ ಕೈಗೆ ಎಟುಕಿದ್ದು ಆಮೇಲೆ. ಹೈದರಾಬಾದಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಕಂದು ಸ್ವಿಚ್ಚಿನದನ್ನು ಒಂದು ತಿಂಗಳು ಬಿಟ್ಟು ಹೋಗಿದ್ದ. ಅದರಲ್ಲಿ ತಡೆ ಇದೆ, ಟಿಕ್ ಇಲ್ಲ. ತಡೆಯೂ ಎಷ್ಟು ಸಣ್ಣದು ಅಂದರೆ ಕೀಯೊಳಗೆ ಮರಳು ಸಿಕ್ಕಿದೆಯೇನೋ ಅನ್ನಿಸುತ್ತಿತ್ತು. ಕೆಂಪು ಸ್ವಿಚ್ಚಿನದು ಅವನ ಗೆಳೆಯನದ್ದು. ತಡೆಯೇ ಇಲ್ಲ, 45 ಗ್ರಾಮಿಗೆ ಇಳಿದುಬಿಡುತ್ತದೆ. ನಾನು ಡ್ರಾಫ್ಟು ಓದುವಾಗ ಬೆರಳನ್ನು ಕೀ ಮೇಲೇ ಇಟ್ಟುಕೊಂಡು ಕೂರುವವಳು. ಕೆಂಪಿನಲ್ಲಿ ಹಾಗೆ ಕೂತರೆ ಅರ್ಜಿಯ ನಡುವೆ ‘ಜಜಜ’ ಅಂತ ಸಾಲು. ಗೇಮಿಗೆ ಚೆನ್ನಾಗಿರಬಹುದು, ಆಡಿದವರು ಹೇಳಬೇಕು. ನನ್ನ ಮಗಳಿಗೆ ಇದ್ಯಾವುದೂ ಬೇಡ. ಲ್ಯಾಪ್‌ಟಾಪಿನ ಚಪ್ಪಟೆ ಕೀ ಮೇಲೆ ಸದ್ದಿಲ್ಲದೆ ನನಗಿಂತ ಬೇಗ ಹೊಡೆಯುತ್ತಾಳೆ. “ಅಮ್ಮ, ನಿಂದು ಮಿಷಿನ್ ಹೊಲಿಯೋ ಸಪ್ಪಳ” ಅಂತಾಳೆ.

ಸಪ್ಪಳದ ಮಾತು ನಿಜ, ಮುಚ್ಚಿಡುವುದಿಲ್ಲ. ಅಂಗಡಿಯಲ್ಲಿ ಫ್ಯಾನು, ಪ್ರಿಂಟರು, ಹೊರಗೆ ಆಟೋ, ಯಾರಿಗೂ ತ್ರಾಸಿಲ್ಲ. ಎಲೆಕ್ಷನ್ ಹೊತ್ತಿನಲ್ಲಿ ಕೆಲಸ ಜಾಸ್ತಿಯಾಗಿ ಕೀಬೋರ್ಡನ್ನು ಮನೆಗೆ ಒಯ್ದಿದ್ದೆ. ಬೇಸಿಗೆ, ಎಲ್ಲರೂ ಮಾಳಿಗೆ ಮೇಲೆ ಮಲಗಿದ್ದರು, ನಾನು ಕೆಳಗೆ ಕಿಟಕಿ ತೆರೆದು ಕೂತಿದ್ದೆ. ಹನ್ನೊಂದೂವರೆಗೆ ಪಕ್ಕದ ಮಾಳಿಗೆಯಿಂದ ಅಜ್ಜಿಯ ದನಿ: “ಯವ್ವಾ, ಅದೇನು ಕಟಿತೀಯೋ ಕಟಿ, ಸ್ವಲ್ಪ ಮೆಲ್ಲಕ ಕಟಿಯವ್ವಾ!” ಮರುದಿನವೇ ಅದನ್ನು ಅಂಗಡಿಗೆ ವಾಪಸ್ ತಂದೆ. ರಾತ್ರಿ ಕೆಲಸದವರು, ಕೂಸು ಮಲಗಿಸುವ ಮನೆಯವರು, ದೊಡ್ಡ ಆಫೀಸಿನಲ್ಲಿ ಹತ್ತು ಮಂದಿ ನಡುವೆ ಕೂರುವವರು ನೀಲಿ ಸ್ವಿಚ್ಚಿನ ತಂಟೆಗೆ ಹೋಗಬೇಡಿ. ಕಂದು ನೋಡಿ.

ಇನ್ನು ನಮ್ಮೂರ ಬಿಸಿಲು, ಧೂಳು. ಮೇ ತಿಂಗಳಲ್ಲಿ ಬೆರಳಿನ ಬೆವರಿಗೆ ಕೀಯ ಪ್ಲಾಸ್ಟಿಕ್ ನುಣುಪಾಗುತ್ತದೆ. ಎರಡನೇ ವರ್ಷಕ್ಕೇ ಎ, ಆರ್, ಯು ಕೀಗಳು ಎಣ್ಣೆ ಹಚ್ಚಿದಂತೆ ಮಿರಮಿರ ಅನ್ನತೊಡಗಿದವು. ಅಕ್ಷರದ ಮುದ್ರೆ ಅಳಿಸಿತು, ನನಗೆ ಅದರ ಹಂಗಿಲ್ಲ. ಆದರೆ ಸಹಾಯಕ್ಕೆ ಬಂದ ಹುಡುಗಿ ಖಾಲಿ ಕೀ ನೋಡಿ ಅಳುಮುಖ ಮಾಡಿದ್ದಳು. ವರ್ಷಕ್ಕೊಮ್ಮೆ ದೀಪಾವಳಿಗೆ ಕ್ಯಾಪ್ ಎಲ್ಲ ಕಿತ್ತು ಸೋಪಿನ ನೀರಿಗೆ ಹಾಕುತ್ತೇನೆ. ಅಡಿಯಲ್ಲಿ ಏನೇನಿರುತ್ತದೆ ಅಂತೀರಿ! ಸ್ಟೇಪ್ಲರ್ ಪಿನ್ನು, ಮಂಡಾಳ ಒಗ್ಗರಣಿಯ ಪುಟಾಣಿ, ಹತ್ತಿಯ ಎಳೆ. ಹತ್ತಿ ಸೀಜನ್ನಿನಲ್ಲಿ ರೈತರು ಗಂಜ್ ಮಾರುಕಟ್ಟೆಯಿಂದ ನೇರ ನನ್ನ ಅಂಗಡಿಗೆ ಬರುತ್ತಾರೆ, ಅಂಗಿ ಕೊಡವುವುದು ನನ್ನ ಟೇಬಲ್ಲಿನ ಮುಂದೆಯೇ. ಒಂದು ವರ್ಷವಂತೂ ಸ್ವಿಚ್ಚುಗಳ ನಡುವೆ ದೀಪದ ಬತ್ತಿ ಹೊಸೆಯುವಷ್ಟು ಅರಳೆ ಸಿಕ್ಕಿತ್ತು.

ನಿಜವಾದ ತಕರಾರು ಒಂದೇ ಅಕ್ಷರದ್ದು, ‘ರ’. ನೀಲಿ ಸ್ವಿಚ್ಚಿನಲ್ಲಿ ಅಕ್ಷರ ಬೀಳುವ ಜಾಗಕ್ಕಿಂತ ಮತ್ತೆ ಸಜ್ಜಾಗುವ ಜಾಗ ಮೇಲಿದೆ. ಒಂದೇ ಕೀಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತುವಾಗ ಬೆರಳನ್ನು ಸಾಕಷ್ಟು ಎತ್ತಬೇಕು, ಇಲ್ಲವಾದರೆ ಎರಡನೆಯದು ಬೀಳುವುದೇ ಇಲ್ಲ. ನನ್ನ ಕಸುಬಿನಲ್ಲಿ ‘ಅರ್ಜಿದಾರರು’ ಅನ್ನುವ ಪದ ಪುಟಕ್ಕೆ ಹತ್ತು ಸಲ. ಮೊದಲ ತಿಂಗಳು ಎಲ್ಲರೂ ‘ಅರ್ಜಿದಾರು’ ಆಗಿದ್ದರು. ಬೆರಳು ಅದಕ್ಕೂ ಹೊಂದಿಕೊಂಡಿತು.

ಐದು ವರ್ಷ ಕಳೆದ ಮೇಲೆ ಉಲ್ಟಾ ಶುರುವಾಯಿತು, ಒಮ್ಮೆ ಒತ್ತಿದರೆ ಎರಡು ‘ರ’. ಸ್ವಿಚ್ಚಿನೊಳಗಿನ ಲೋಹದ ಎಲೆಗಳಿಗೆ ಧೂಳು, ಕಿಲುಬು ಹಿಡಿದರೆ ಒಂದೇ ಒತ್ತಿಗೆ ಎರಡು ಸಲ ತಾಗುತ್ತವಂತೆ. ಪರದೆ ನೋಡುವ ಅಭ್ಯಾಸ ಇಲ್ಲವಲ್ಲ, ಪ್ರಿಂಟ್ ಹೋದ ಮೇಲೆ ಹಿರಿಯ ವಕೀಲರೊಬ್ಬರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು.

“ಏನವ್ವಾ, ‘ಅರ್ಜಿದಾರರರು’ ಅಂತ ಹೊಡದೀಯಲ್ಲ. ನಮ್ಮ ಕಕ್ಷಿದಾರ ಒಬ್ಬಾವ ಅದಾನ. ಇಷ್ಟು ಮರ್ಯಾದಿ ಅವಗ ಅವರ ಮನ್ಯಾಗೂ ಸಿಗಂಗಿಲ್ಲ.”

ಪೆಟ್ಟಿಗೆಯ ಮೇಲೆ ‘ಪ್ರತಿ ಕೀಗೆ 5 ಕೋಟಿ ಒತ್ತು’ ಅಂತ ಬರೆದಿತ್ತು. ಕೂತು ಲೆಕ್ಕ ಹಾಕಿದೆ. ಪುಟಕ್ಕೆ ಸುಮಾರು 1,500 ಒತ್ತು, ದಿನಕ್ಕೆ 25 ಪುಟ, ಹದಿನೈದಕ್ಕೊಂದು ‘ರ’ ಅಂತ ಹಿಡಿದರೆ ದಿನಕ್ಕೆ 2,500. ವರ್ಷಕ್ಕೆ 300 ದಿನದಂತೆ ಆರು ವರ್ಷಕ್ಕೆ 45 ಲಕ್ಷ. ಐದು ಕೋಟಿಯ ಹತ್ತನೇ ಒಂದು ಪಾಲೂ ಇಲ್ಲ. ಆ ಲೆಕ್ಕ ಮಾಡಿದವರ ಕೋಣೆಯಲ್ಲಿ ಹತ್ತಿ ಹಾರುತ್ತಿರಲಿಲ್ಲ, ಅಷ್ಟೇ. ವಾರಂಟಿ ಯಾವಾಗಲೋ ಮುಗಿದಿತ್ತು, ದೂರು ಕೊಡುವ ಮಾತೇ ಬರಲಿಲ್ಲ.

ಸ್ವಿಚ್ಚಿನೊಳಗಿನ ಕೊಳೆ ತೆಗೆಯುವ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಒಂದು ತಿಂಗಳು ಸುಮ್ಮನಿತ್ತು, ಮತ್ತೆ ಅದೇ. ಕೆಲವು ಕೀಬೋರ್ಡಿನಲ್ಲಿ ಸ್ವಿಚ್ಚನ್ನು ಕೈಯಲ್ಲೇ ಕಿತ್ತು ಬೇರೆ ಕೂರಿಸಬಹುದು, ಈಗ ಕೊಳ್ಳುವವರು ಅದನ್ನೇ ಕೇಳಿ ಕೊಳ್ಳಿ. ನನ್ನದರಲ್ಲಿ ಬೆಸುಗೆ. ತೀನ್ ಕಂದೀಲ್ ಕಡೆ ಟಿವಿ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ, ಅವರ ಹತ್ತಿರ ಒಯ್ದೆ. ಹೊಸ ಸ್ವಿಚ್ಚು ಒಂದೇ ಒಂದು ಎಲ್ಲಿಂದ ತರಬೇಕು ಅಂತ ನಾನು ಚಿಂತೆ ಮಾಡುತ್ತಿದ್ದರೆ, ಕಾಕಾ ಕೀಬೋರ್ಡನ್ನು ಆಚೆ ಈಚೆ ತಿರುಗಿಸಿ ನೋಡಿ, ಬಲಗಡೆ ಮೇಲಿನ ಮೂಲೆಗೆ ಬೆರಳಿಟ್ಟರು.

“ಇದು ಏನ್ ಮಾಡ್ತದವ್ವಾ?”

ಸ್ಕ್ರೋಲ್ ಲಾಕ್. ಇಪ್ಪತ್ತು ವರ್ಷದ ಕಸುಬಿನಲ್ಲಿ ನಾನು ಅದನ್ನು ಒಮ್ಮೆಯೂ ಬೇಕಂತ ಒತ್ತಿಲ್ಲ.

“ಏನೂ ಮಾಡಂಗಿಲ್ಲ ಕಾಕಾ.”

“ಮತ್ತ ಆರು ವರ್ಷ ಕುಂತು ತಿಂದದ ಅಂದಂಗಾತು. ಇದನ್ನ ದುಡಿಯಾಕ ಹಚ್ಚೋಣ.”

ಎರಡೂ ಸ್ವಿಚ್ಚಿನ ಬೆಸುಗೆ ಬಿಡಿಸಿ, ಅದನ್ನಿಲ್ಲಿಗೆ, ಇದನ್ನಲ್ಲಿಗೆ ಹಾಕಿಕೊಟ್ಟರು. ನೂರು ರೂಪಾಯಿ, ಮೇಲೊಂದು ಚಹಾ. ಈಗ ಹತ್ತು ತಿಂಗಳಾಯಿತು, ಅರ್ಜಿದಾರರು ಎರಡೇ ‘ರ’ಕ್ಕೆ ನಿಂತಿದ್ದಾರೆ. ಹೊಸ ಸ್ವಿಚ್ಚಿನ ಟಿಕ್ ಮಾತ್ರ ಅಕ್ಕಪಕ್ಕದವಕ್ಕಿಂತ ಒಂದು ಎಳೆ ಚುರುಕು. ‘ರಾಯಚೂರು’ ಅಂತ ಹೊಡೆದಾಗ ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅದು ಬೇರೆಯಾಗಿ ಕೇಳುತ್ತದೆ.