ಹಲ್ಲಿನ ಬ್ಲೀಚಿಂಗ್: ಎರಡು ವರ್ಷ ಕಳೆದ ಮೇಲೆ ಹೇಗಿದೆ

ಕಾಫಿಯಿಂದ ಹಳದಿಗಟ್ಟಿದ್ದ ಹಲ್ಲನ್ನು ದಂತವೈದ್ಯರ ಹತ್ತಿರ ಬ್ಲೀಚ್ ಮಾಡಿಸಿ ಎರಡು ವರ್ಷ ದಾಟಿತು. ಮಾಡಿಸಿದ ವಾರದಲ್ಲೇ ಹೊಗಳಿ ಬರೆಯುವವರು ಬಹಳ ಜನ. ಆ ವಾರದ ಬಿಳುಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಲ್ಲಿನ ತೇವ ಆರಿರುವುದರಿಂದ ಆಗ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಒಂದೆರಡು ವಾರ ಕಳೆದು ಸ್ವಲ್ಪ ಇಳಿದು ನಿಲ್ಲುತ್ತದಲ್ಲ, ಅದೇ ನಿಜವಾದ ಬಣ್ಣ.

ಮೊದಲು ಕ್ಲೀನಿಂಗ್ ಮಾಡಿ, ಕಟ್ಟಿಕೊಂಡಿದ್ದ ಪಾಚಿಯನ್ನೆಲ್ಲ ತೆಗೆದರು. ಆಮೇಲೆ ಶೇಡ್ ಗೈಡ್ ತಂದರು. ಹಲ್ಲಿನ ಬಣ್ಣ ಹೋಲಿಸಿ ನೋಡಲು ಎ1ರಿಂದ ಡಿ4ರವರೆಗೆ 16 ಪುಟ್ಟ ಹಲ್ಲುಗಳ ಸಾಲು ಅದು. ಎ ಗುಂಪಿನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಣ್ಣ ಗಾಢ. ಒಂದೊಂದನ್ನೇ ನನ್ನ ಹಲ್ಲಿನ ಪಕ್ಕ ಹಿಡಿದು, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನೋಡಿ, ಎ3.5 ಎಂದು ಬರೆದುಕೊಂಡರು. ವಸಡಿನ ಅಂಚಿಗೆ ಅಂಟಿನಂಥದ್ದನ್ನು ಬಳಿದು ಲೈಟ್ ಹಿಡಿದು ಗಟ್ಟಿ ಮಾಡಿದ ಮೇಲೆಯೇ ಜೆಲ್ ಹಚ್ಚಿದ್ದು. ಅದರಲ್ಲಿ ಶೇ. 35ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ತಗುಲಿದರೆ ವಸಡು ಸುಡುತ್ತದೆ. ಲೇಸರ್, ನೀಲಿ ಲೈಟ್ ಎಂದು ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಯೋಚನೆ ಮಾಡಿ. ಬಿಳುಪು ಬರುವುದು ಜೆಲ್‌ನಿಂದ.

ಅವತ್ತು ರಾತ್ರಿ ಮುಂದಿನ ಹಲ್ಲುಗಳಲ್ಲಿ ಕರೆಂಟ್ ಹೊಡೆದ ಹಾಗೆ ಜುಮ್ ಜುಮ್. ಪೆರಾಕ್ಸೈಡ್ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ದಾಟಿ ಒಳಗೆ ಇಳಿಯುವುದರಿಂದ ನರ ಕೆರಳುತ್ತದೆ. ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟ್ ಹಚ್ಚಿಕೊಂಡೆ, ಮರುದಿನ ಸಂಜೆಗೆ ತಗ್ಗಿತು. ಎರಡು ದಿನ ಕಾಫಿ ಇಲ್ಲ, ಅರಿಶಿನ ಹಾಕಿದ ಸಾರೂ ಇಲ್ಲ. ಮೊಸರನ್ನ, ಇಡ್ಲಿಯಲ್ಲೇ ಕಾಲ ಕಳೆದೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಕ್ಯಾಪ್, ಸಿಮೆಂಟ್ ಹಾಕಿದ ಜಾಗ ಎಷ್ಟು ಬ್ಲೀಚ್ ಮಾಡಿದರೂ ಬೆಳ್ಳಗಾಗುವುದಿಲ್ಲ. ನಮ್ಮ ಡಾಕ್ಟರು ಇದನ್ನು ಮೊದಲೇ ಹೇಳಿ, ಬ್ಲೀಚ್ ಆಗಿ ಬಣ್ಣ ನಿಂತ ಮೇಲೆ ಅದಕ್ಕೆ ಹೊಂದುವ ಕ್ಯಾಪ್ ಹಾಕಿದರು. ನನ್ನ ತಂಗಿಗೆ ಬೇರೊಂದು ಕ್ಲಿನಿಕ್ಕಿನಲ್ಲಿ ಯಾರೂ ಹೇಳಲೇ ಇಲ್ಲ. ಸುತ್ತಲಿನ ಹಲ್ಲೆಲ್ಲ ಬೆಳ್ಳಗಾಗಿ ಹಳೇ ಕ್ಯಾಪ್ ಒಂದೇ ಹಳದಿಯಾಗಿ ಎದ್ದು ಕಂಡಿತು, ಹೊಸ ಕ್ಯಾಪ್‌ಗೆ ಮತ್ತೆ ಖರ್ಚು. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪಾವಗಡ, ಕೋಲಾರದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲಿಗೆ ಕಲೆ ಬಿದ್ದವರೂ ಮೊದಲೇ ಕೇಳಿಕೊಳ್ಳಿ. ಬಿಳಿ ಮಚ್ಚೆಗಳು ಶುರುವಿನಲ್ಲಿ ಇನ್ನೂ ಎದ್ದು ಕಾಣಬಹುದು. ಹುಳುಕು ಇದ್ದರೆ ಮೊದಲು ಅದನ್ನು ಸರಿಮಾಡಿಸಬೇಕು. ಗರ್ಭಿಣಿಯರು ಸದ್ಯಕ್ಕೆ ಮುಂದಕ್ಕೆ ಹಾಕುವುದೇ ಒಳ್ಳೆಯದು.

ಇಷ್ಟು ದಿನ ಬಳಸಿದ ಮೇಲೆ ನನಗೆ ಅನ್ನಿಸುವುದು, ಚೇರಿನ ಮೇಲಿನ ಆ ಒಂದು ಗಂಟೆಗಿಂತ ಮನೆಗೆ ಮಾಡಿಸಿಕೊಂಡ ಟ್ರೇ ಹೆಚ್ಚು ಉಪಯೋಗಕ್ಕೆ ಬಂತು. ನನ್ನ ಹಲ್ಲಿನ ಅಚ್ಚು ತೆಗೆದೇ ಮಾಡಿದ ತೆಳು ಪ್ಲಾಸ್ಟಿಕ್ ಅದು. ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಹಾಕಿಕೊಂಡು ಮಲಗಬೇಕು. ಹೈಡ್ರೋಜನ್ ಪೆರಾಕ್ಸೈಡ್ ಲೆಕ್ಕದಲ್ಲಿ ಸುಮಾರು ಶೇ. 3.5 ಅಷ್ಟೇ, ಜುಮ್ಮೆನ್ನುವುದೂ ಕಡಿಮೆ. ಕಾಫಿ ಬಿಟ್ಟಿಲ್ಲ, ಆದರೂ ಬಣ್ಣ ಎ2 ಹತ್ತಿರ ನಿಂತಿದೆ. ಮಂಕಾಯಿತು ಅನ್ನಿಸಿದಾಗ ಡಾಕ್ಟರನ್ನು ಕೇಳಿ ಜೆಲ್ ಮಾತ್ರ ತರುತ್ತೇನೆ, ಟ್ರೇ ಅದೇ ಹಳೆಯದು. ಅದನ್ನು ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರು ಬಿದ್ದರೆ ಆಕಾರ ಕೆಟ್ಟು ಹಲ್ಲಿಗೆ ಕೂರುವುದಿಲ್ಲ.