ಶಿರಸಿಯಲ್ಲಿ ಮನೆ ನಕ್ಷೆಯ ಸೇವೆ: ಇಕ್ಕಟ್ಟಾದ ಜಗಲಿ ಹಿಗ್ಗಿದ ಬಗೆ

ಶಿರಸಿಯಲ್ಲಿ ಕಟ್ಟಿಸಲಿರುವ ನಮ್ಮ ಮನೆಯ ನಕ್ಷೆಯನ್ನು ಸ್ಥಳೀಯ ಎಂಜಿನಿಯರೊಬ್ಬರಿಂದ ಮಾಡಿಸಿದೆವು. ಮೊದಲ ನಕ್ಷೆಯಲ್ಲಿ ಜಗಲಿ (ನಮ್ಮ ಕಡೆ ಮನೆಯೊಳಗಿನ ಹಾಲ್) 10 ಅಡಿ ಅಗಲ, 12 ಅಡಿ ಉದ್ದವಿತ್ತು. ಸೋಫಾ, ಕುರ್ಚಿಗಳನ್ನು ಅದರಲ್ಲಿ ಗುರುತಿಸಿರಲೇ ಇಲ್ಲ, ಇದು ಅವರ ಕೆಲಸದಲ್ಲಿ ನನಗೆ ಕಂಡ ದೊಡ್ಡ ಕೊರತೆ. ನಿವೇಶನದಲ್ಲಿ ಸುಣ್ಣದ ಗೆರೆ ಎಳೆದು, ಸೋಫಾ, ಟೀಪಾಯಿ, ಕುರ್ಚಿಗಳ ಅಳತೆಗೆ ಹಲಗೆ ಇಟ್ಟು ನೋಡಿದಾಗ ನಡೆದಾಡಲು ಉಳಿದದ್ದು ಒಂದೇ ಅಡಿ.

ತಿದ್ದುಪಡಿಯಲ್ಲಿ ಮಾತ್ರ ಅವರ ತಾಳ್ಮೆ, ಜಾಣ್ಮೆ ಎರಡೂ ಮೆಚ್ಚುವಂಥವು. ಮನೆಯ ಹೊರ ಅಳತೆಯನ್ನು ಬದಲಿಸದೆ, ಜಗಲಿಗೂ ಊಟದ ಕೋಣೆಗೂ ನಡುವೆ ಇದ್ದ 3.5 ಅಡಿಯ ಓಣಿಯನ್ನು ಜಗಲಿಗೇ ಸೇರಿಸಿದ್ದರಿಂದ 120 ಚದರ ಅಡಿಯಿದ್ದದ್ದು 162 ಆಯಿತು. ಹೊರಗೋಡೆಗೆ ಚಿರೆಕಲ್ಲನ್ನೇ (ಕೆಂಪು ಜಂಬಿಟ್ಟಿಗೆ ಕಲ್ಲನ್ನೇ) ಉಳಿಸಿಕೊಂಡು, ಭಾರ ಹೊರದ ಒಳಗೋಡೆಗೆ 4 ಇಂಚಿನ ಇಟ್ಟಿಗೆ ಸೂಚಿಸಿದರು. ಮಳೆಗಾಲದುದ್ದಕ್ಕೂ ಬಾಗಿಲು ಹಾಕಿಕೊಂಡೇ ಇರುವ ನಮ್ಮ ಕಡೆ ಕತ್ತಲ ಕೋಣೆ ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ 4 ಅಡಿಯ ಕಿಟಕಿಯನ್ನು 6 ಅಡಿಗೆ ಹಿಗ್ಗಿಸಿ, ಎರಚಲು ಹೊಡೆಯದಂತೆ ಮಾಡನ್ನು (ಸೂರನ್ನು) 3 ಅಡಿ ಮುಂದಕ್ಕೆ ಚಾಚಿದ್ದಾರೆ.

ಮಲಗುವ ಕೋಣೆಯ ಬಾಗಿಲು ಈಗ ನೇರವಾಗಿ ಜಗಲಿಗೇ ತೆರೆಯುತ್ತದೆ. ಅದೊಂದು ನನಗಿನ್ನೂ ಒಪ್ಪಿಗೆಯಾಗಿಲ್ಲ. ಎರಡು ಸಲ ನಕ್ಷೆ ತಿದ್ದಿದರೂ ಅವರು ಹೆಚ್ಚಿನ ಹಣ ಕೇಳಲಿಲ್ಲ.