ವಿದ್ಯಾರ್ಥಿಗಳ ರೋಬೋಟಿಕ್ಸ್ ತಂಡಕ್ಕೆ ಕೊಂಡ ಉಪಕರಣಗಳು: ಮೂರು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ರೋಬೋಟಿಕ್ಸ್ ತಂಡಕ್ಕೆ ನಾನು ಮಾರ್ಗದರ್ಶಕನಾದಾಗ ನಮಗೆ ದೊರೆತದ್ದು ಒಂದು ಹಳೆಯ ಕೋಣೆ ಮತ್ತು ಒಂದೂವರೆ ಲಕ್ಷ ರೂಪಾಯಿ. ತಂಡದ ಗುರಿ ರೋಬೋಕಾನ್ ಸ್ಪರ್ಧೆ. 2002ರಲ್ಲಿ ಟೋಕಿಯೊದಲ್ಲಿ ಮೊದಲ ಬಾರಿಗೆ ನಡೆದ ಈ ಅಂತರರಾಷ್ಟ್ರೀಯ ಸ್ಪರ್ಧೆಯ ಆಟ ಪ್ರತಿ ವರ್ಷವೂ ಬದಲಾಗುತ್ತದೆ. ರೋಬೋಗಳನ್ನು ವಿದ್ಯಾರ್ಥಿಗಳೇ ಕಟ್ಟಬೇಕು ಮತ್ತು ಅವುಗಳ ತೂಕಕ್ಕೆ ಮಿತಿಯಿರುತ್ತದೆ. ತೂಕದ ಈ ಮಿತಿಯೇ ನಮ್ಮ ಖರೀದಿಯ ದಿಕ್ಕನ್ನು ನಿರ್ಧರಿಸಿತು. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.85 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ ಮಾತ್ರ ತೂಗುತ್ತದೆ. ಹಾಗಾಗಿ ರೋಬೋದ ಚೌಕಟ್ಟು ಅಲ್ಯೂಮಿನಿಯಂ ಚೌಕ ಪೈಪಿನದೇ ಆಗಬೇಕು. ಅದನ್ನು ಅಳೆಯುವ, ಹಿಡಿಯುವ, ಕೊರೆಯುವ, ಕತ್ತರಿಸುವ ಸಾಮಾನುಗಳೇ ಮೊದಲು ಬರಬೇಕು.

ವಿದ್ಯಾರ್ಥಿಗಳು ಬರೆದುಕೊಟ್ಟ ಪಟ್ಟಿಯಲ್ಲಿ ಮೊದಲಿದ್ದವು ಲೇಸರ್ ಕಟಿಂಗ್ ಮಷೀನ್ ಮತ್ತು ಎರಡು ತ್ರೀಡಿ ಪ್ರಿಂಟರ್‌ಗಳು. ಅವರ ಉತ್ಸಾಹ ನನಗೆ ಅರ್ಥವಾಗುತ್ತಿತ್ತು. ಆದರೂ ಬೆಂಚ್ ಡ್ರಿಲ್ಲಿಂಗ್ ಮಷೀನ್ ಒಂದನ್ನು ಆರಿಸಿ ತಂದ ಮೇಲೆಯೇ ಉಳಿದವುಗಳ ಮಾತು ಎಂದು ನಾನು ಪಟ್ಟು ಹಿಡಿದೆ. ಮೂರು ವರ್ಷಗಳ ಬಳಿಕವೂ ಆ ನಿರ್ಧಾರವೇ ಸರಿಯೆನ್ನಿಸುತ್ತದೆ, ಏಕೆಂದರೆ ಒಂದು ರೋಬೋದಲ್ಲಿ ನಾವು ಕೊರೆಯುವ ರಂಧ್ರಗಳು ಇನ್ನೂರಕ್ಕೆ ಕಡಿಮೆಯಿರುವುದಿಲ್ಲ. ಮೋಟಾರ್ ಕೂರುವ ನಾಲ್ಕು ರಂಧ್ರಗಳಲ್ಲಿ ಒಂದು ಅರ್ಧ ಮಿಲಿಮೀಟರ್ ಸರಿದರೂ ಗೇರುಗಳು ಓರೆಯಾಗಿ ಕಚ್ಚಿಕೊಳ್ಳುತ್ತವೆ. ಅದರ ಫಲ ತಿಂಗಳ ನಂತರ, ಅಭ್ಯಾಸದ ನಡುವೆ, ಸವೆದ ಹಲ್ಲುಗಳ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ನಾವು ಮೊದಲು ತಂದ ಡ್ರಿಲ್ಲಿಂಗ್ ಮಷೀನನ್ನು ಹಿಂದಿರುಗಿಸಬೇಕಾಯಿತು. ಬಣ್ಣ, ಹೊಳಪು, ಬೆಲೆ ಎಲ್ಲವೂ ಚೆನ್ನಾಗಿದ್ದವು, ಆದರೆ 5 ಮಿಲಿಮೀಟರ್ ಬಿಟ್ (ಕೊರೆಯುವ ಸರಳು) ಹಾಕಿ ಕೊರೆದರೆ ರಂಧ್ರ 5.3ರವರೆಗೆ ಹಿಗ್ಗುತ್ತಿತ್ತು. ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿದಾಗ, ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕಿನಲ್ಲಿ ಹಿಡಿದ ನೇರ ಸರಳು ತಿರುಗುವಾಗ 0.2 ಮಿಲಿಮೀಟರಿನಷ್ಟು ಓಲಾಡುತ್ತಿತ್ತು. ಎರಡನೆಯ ಸಲ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಸಮೇತ ಡಯಲ್ ಗೇಜನ್ನು ಅಂಗಡಿಗೇ ಒಯ್ದೆವು. ಮೂರು ಮಷೀನುಗಳನ್ನು ಕೈಯಿಂದ ತಿರುಗಿಸಿ ನೋಡಿ, 0.04 ಮಿಲಿಮೀಟರಿಗಿಂತ ಹೆಚ್ಚು ಓಲಾಡದ ಒಂದನ್ನು ಆರಿಸಿದೆವು. ಅಂಗಡಿಯವರು ಬೇಸರಿಸದೆ ಮೂರನ್ನೂ ಪೆಟ್ಟಿಗೆಯಿಂದ ತೆಗೆದುಕೊಟ್ಟದ್ದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ. ಹೊಸ ತಂಡಗಳಿಗೆ ನಾನು ಕೊಡಬಹುದಾದ ಅತ್ಯಂತ ಉಪಯುಕ್ತ ಸಲಹೆಯೂ ಇದೇ: ಕುದುರೆಶಕ್ತಿಯ ಅಂಕಿಯನ್ನು ಓದುವ ಮೊದಲು ಚಕ್ಕಿನ ಓಲಾಟವನ್ನು ಅಳೆಯಿರಿ.

ಆ ಮಷೀನ್ 13 ಮಿಲಿಮೀಟರ್ ಚಕ್ ಇರುವ, ಅರ್ಧ ಕುದುರೆಶಕ್ತಿಯ, ಮನೆಯ ವಿದ್ಯುತ್ತಿನಲ್ಲಿಯೇ ನಡೆಯುವಂಥದ್ದು. ಬೆಲ್ಟನ್ನು ಪುಲ್ಲಿಯ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾಟಿಸಿ ವೇಗ ಬದಲಿಸಬೇಕು. ಬೆಲ್ಟ್ ಬದಲಿಸುವುದು ತೊಂದರೆಯೆಂದು ಮಕ್ಕಳು ಮೊದಲು ಗೊಣಗಿದರೂ ಈ ವ್ಯವಸ್ಥೆಯೇ ಅವರಿಗೆ ಲೆಕ್ಕ ಕಲಿಸಿತು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಡಸು ಉಕ್ಕಿನ) ಬಿಟ್ಟಿನ ಅಂಚು ಮೆದು ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 25 ಮೀಟರ್ ವೇಗದಲ್ಲಿ ಸಾಗಬೇಕೆಂದು ಹಿಡಿದರೆ 10 ಮಿಲಿಮೀಟರ್ ಬಿಟ್ ನಿಮಿಷಕ್ಕೆ 800 ಸುತ್ತು ತಿರುಗಬೇಕು. ಅಲ್ಯೂಮಿನಿಯಮ್ಮಿನಲ್ಲಿ 60 ಮೀಟರ್ ಎಂದು ಹಿಡಿದರೆ ಅದೇ ಬಿಟ್ 1,900 ಸುತ್ತು ತಿರುಗಬಹುದು. ಈ ಲೆಕ್ಕವನ್ನು ಪಾಠದಲ್ಲಿ ಬರೆದು ಅಂಕ ಪಡೆದವರೇ, ಸುಟ್ಟು ನೀಲಿಯಾದ ಬಿಟ್ಟೊಂದನ್ನು ಕೈಯಲ್ಲಿ ಹಿಡಿದ ದಿನ ಅದನ್ನು ನಿಜವಾಗಿ ಅರಿತರು. ಡ್ರಿಲ್ಲಿಂಗ್ ಮಷೀನಿನ ಮುಂದೆ ಕೈಗವಸು ಹಾಕಬಾರದು, ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಿರಬೇಕು, ಕೊರೆಯುವ ತುಂಡನ್ನು ವೈಸ್ ಎಂಬ ಬಿಗಿಹಿಡಿಕೆಯಲ್ಲಿಯೇ ಹಿಡಿದಿರಬೇಕು ಎಂಬ ನಿಯಮಗಳಲ್ಲಿ ನಾವು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಅಳತೆಯ ಉಪಕರಣಗಳಲ್ಲಿ ಮಿಟುಟೊಯೊ ಡಿಜಿಟಲ್ ಕ್ಯಾಲಿಪರ್ ಒಂದನ್ನು ಕೊಂಡೆವು. ಬೆಲೆ ಹೆಚ್ಚು, ಆದರೆ ದವಡೆಯನ್ನು ಎಷ್ಟು ಸಲ ತೆರೆದು ಮುಚ್ಚಿದರೂ ಸೊನ್ನೆ ಸೊನ್ನೆಯಾಗಿಯೇ ಬರುತ್ತದೆ. ಬೇರಿಂಗ್ ಕೂರುವ ಜಾಗಗಳನ್ನು ಅಳೆಯುವಾಗ ಈ ಒಂದು ಗುಣಕ್ಕಾಗಿ ಕೊಟ್ಟ ಹಣ ಸಾರ್ಥಕವೆನ್ನಿಸುತ್ತದೆ. ದಿನನಿತ್ಯದ ಕೆಲಸಕ್ಕೆ 0.02 ಮಿಲಿಮೀಟರ್ ತೋರಿಸುವ ಸಾದಾ ವರ್ನಿಯರ್ ನಾಲ್ಕು ಇವೆ. ಟಪಾರಿಯಾ ಕಂಪನಿಯ ಅಲೆನ್ ಕೀಗಳೂ (ತಲೆಯಲ್ಲಿ ಆರು ಮೂಲೆಯ ಕುಳಿಯಿರುವ ಸ್ಕ್ರೂಗಳನ್ನು ತಿರುಗಿಸುವಂಥವು) ಇಕ್ಕಳಗಳೂ ಮೂರು ವರ್ಷ ದುಡಿದಿವೆ. 3, 4, 5 ಮಿಲಿಮೀಟರ್ ದಪ್ಪದ ಎಂ3, ಎಂ4, ಎಂ5 ಅಲೆನ್ ಸ್ಕ್ರೂಗಳಿಗೆ ಕ್ರಮವಾಗಿ 2.5, 3 ಮತ್ತು 4 ಮಿಲಿಮೀಟರ್ ಕೀ ಬೇಕಾಗುವುದರಿಂದ, ಇಡೀ ರೋಬೋವನ್ನು ಈ ಮೂರೇ ಅಳತೆಯ ಸ್ಕ್ರೂಗಳಲ್ಲಿ ಕಟ್ಟುವಂತೆ ವಿನ್ಯಾಸ ಮಾಡಿದರೆ ಸ್ಪರ್ಧೆಯ ಅಂಕಣದ ಬದಿಯಲ್ಲಿ ದುರಸ್ತಿಯ ಸಮಯ ಉಳಿಯುತ್ತದೆ. ಬೆಂಚ್ ವೈಸಿನ ದವಡೆಗಳಿಗೆ ಅಲ್ಯೂಮಿನಿಯಂ ತಗಡಿನ ಹೊದಿಕೆ ಮಾಡಿಕೊಂಡಿದ್ದೇವೆ, ಇಲ್ಲದಿದ್ದರೆ ತೆಳು ಪೈಪಿನ ಮೇಲೆ ದವಡೆಯ ಗುರುತು ಉಳಿದುಬಿಡುತ್ತದೆ.

ಕತ್ತರಿಸುವ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಉಕ್ಕು ಕತ್ತರಿಸುವ ಅಬ್ರೇಸಿವ್ ಚಕ್ರದ ಕಟಾಫ್ ಮಷೀನ್ ಕೊಂಡರೆ ಎಲ್ಲಕ್ಕೂ ಸಾಕೆಂದು ಭಾವಿಸಿದ್ದೆ. ಅಲ್ಯೂಮಿನಿಯಂ ಮೆದುವಾದ್ದರಿಂದ ಆ ಚಕ್ರದ ಕಣಗಳ ನಡುವೆ ಮೆತ್ತಿಕೊಳ್ಳುತ್ತದೆ; ಚಕ್ರ ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಕಾಯುತ್ತದೆ, ಒಡೆಯುವ ಅಪಾಯವೂ ಇರುತ್ತದೆ. ಬೆಂಚ್ ಗ್ರೈಂಡರಿನಲ್ಲಿ ಅಲ್ಯೂಮಿನಿಯಂ ಉಜ್ಜಬಾರದೆನ್ನುವುದೂ ಇದೇ ಕಾರಣಕ್ಕೆ. ಈಗ ಆ ಕೆಲಸಕ್ಕೆ ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಿದ, ಬೇಕಾದ ಕೋನದಲ್ಲಿ ಕತ್ತರಿಸುವ ಮೈಟರ್ ಸಾ ಇದೆ. ಸಣ್ಣ ಕೆಲಸಗಳಿಗೆ ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಬಳಸುತ್ತೇವೆ. ಪೈಪಿನ ಗೋಡೆ ತೆಳುವಾಗಿದ್ದು ಹಲ್ಲು ದೊಡ್ಡದಾದರೆ ಅದು ಸಿಕ್ಕಿಕೊಂಡು ಮುರಿಯುತ್ತದೆ.

ತ್ರೀಡಿ ಪ್ರಿಂಟರ್ ಎರಡನೆಯ ವರ್ಷ ಬಂತು. ಕ್ರಿಯಾಲಿಟಿ ಎಂಡರ್ 3 ಎಂಬ ಮಾದರಿಯದು. 220 ಮಿಲಿಮೀಟರ್ ಅಗಲ, ಅಷ್ಟೇ ಉದ್ದ, 250 ಮಿಲಿಮೀಟರ್ ಎತ್ತರದವರೆಗಿನ ಭಾಗಗಳನ್ನು ಅದು ಮುದ್ರಿಸುತ್ತದೆ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ, ವಿದ್ಯಾರ್ಥಿಗಳು ಅದನ್ನು ತಾವೇ ಬಿಚ್ಚಿ ಸರಿಪಡಿಸಬಲ್ಲರು. ಕಲಿಯುವ ತಂಡಕ್ಕೆ ಇವು ದೊಡ್ಡ ಗುಣಗಳು. ಸೆನ್ಸರ್ ಹಿಡಿಕೆ, ವೈರ್ ಕ್ಲಿಪ್, ಸರ್ಕ್ಯೂಟ್ ಬೋರ್ಡಿನ ಪೆಟ್ಟಿಗೆ ಇವುಗಳಿಗೆ ಅದಕ್ಕೆ ಸಾಟಿಯಿಲ್ಲ. ಭಾರ ಹೊರುವ ಭಾಗಗಳಿಗೆ ಮಾತ್ರ ಎಚ್ಚರ ಬೇಕು. ಪಿಎಲ್‌ಎ ಎಂಬ ಮುದ್ರಣದ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಂತಿದ್ದ ಕಾರಿನ ಹಿಂಬದಿಯಲ್ಲಿಟ್ಟ ನಮ್ಮ ಹಿಡಿತೋಳಿನ ಬೆರಳುಗಳು ಬಾಗಿಹೋದವು. ಆ ವಾರವಿಡೀ ಕಷ್ಟಪಟ್ಟಿದ್ದ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ. ಅಂಥ ಭಾಗಗಳನ್ನು ಈಗ ಇನ್ನೂ ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸುತ್ತೇವೆ, ಇಲ್ಲವೇ ಅಲ್ಯೂಮಿನಿಯಂ ತಗಡಿನಲ್ಲಿ ಮಾಡುತ್ತೇವೆ.

ಬೆಸುಗೆಗೆ ಉಷ್ಣತೆ ನಿಯಂತ್ರಿಸಬಲ್ಲ ಸೋಲ್ಡರಿಂಗ್ ಸ್ಟೇಷನ್ ಸಾಕು; ತವರ ಮತ್ತು ಸೀಸದ 60-40 ಸೋಲ್ಡರಿಗೆ ತುದಿಯನ್ನು 350 ಡಿಗ್ರಿಯಲ್ಲಿಟ್ಟುಕೊಳ್ಳುತ್ತೇವೆ. ಮೋಟಾರಿನ ತಂತಿಗಳ ತುದಿಗೆ ಬೆಸುಗೆಗಿಂತ ತಂತಿಗೆ ಲೋಹದ ತುದಿಯನ್ನು ಒತ್ತಿ ಕೂರಿಸುವ ಒಳ್ಳೆಯ ಕ್ರಿಂಪಿಂಗ್ ಟೂಲ್ ವಾಸಿ, ಏಕೆಂದರೆ ಸೋಲ್ಡರ್ ಹೀರಿ ಗಡುಸಾದ ತಂತಿ ರೋಬೋದ ಕಂಪನಕ್ಕೆ ಬುಡದಲ್ಲಿಯೇ ಮುರಿಯುತ್ತದೆ.

ಲೇಸರ್ ಮಷೀನನ್ನು ಕೊಳ್ಳಲಿಲ್ಲ. ನಮ್ಮ ಹಣಕ್ಕೆ ಸಿಗುವ ಸಣ್ಣ ಕಾರ್ಬನ್ ಡೈಆಕ್ಸೈಡ್ ಲೇಸರ್ ಅಕ್ರಿಲಿಕ್ಕನ್ನು ಕತ್ತರಿಸುತ್ತದೆ, ಅಲ್ಯೂಮಿನಿಯಮ್ಮನ್ನು ಕತ್ತರಿಸದು. ತಿಳಿಯದೆ ಯಾರಾದರೂ ಪಿವಿಸಿ ಹಾಳೆ ಇಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ, ನಮ್ಮ ಕೋಣೆಗೆ ಇರುವುದು ಒಂದೇ ಕಿಟಕಿ.

ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಲೇಥ್ ಬೇಕೆಂದು ವಿದ್ಯಾರ್ಥಿಗಳು ಈ ವರ್ಷವೂ ಕೇಳಿದರು. ಪಕ್ಕದಲ್ಲಿ ನಿಂತು ಕಲಿಸುವ ನುರಿತವರು ಕಾಲೇಜಿನಲ್ಲಿ ಸಂಜೆಯ ಹೊತ್ತು ಇರುವುದಿಲ್ಲವಾದ್ದರಿಂದ ನಾನು ಒಪ್ಪಲಿಲ್ಲ. ಶಾಫ್ಟುಗಳ ಕೆಲಸ ಈಗಲೂ ಗೋಕುಲ ರಸ್ತೆಯ ಲೇಥ್ ಅಂಗಡಿಯೊಂದಕ್ಕೇ ಹೋಗುತ್ತದೆ. ಅಲ್ಲಿನ ಹಿರಿಯ ಕೆಲಸಗಾರರು ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಸಲ್ಲುತ್ತದೆ ಎಂಬುದನ್ನು) ಬರೆಯದಿದ್ದರೆ ಕಾಗದವನ್ನು ಮರಳಿಸಿ ಬರೆಸಿಕೊಳ್ಳುತ್ತಾರೆ. ಕಳೆದ ತಿಂಗಳು ತಂಡದ ಇಬ್ಬರು ಮೊದಲ ಬಾರಿಗೆ ಒಂದೇ ಭೇಟಿಯಲ್ಲಿ ಡ್ರಾಯಿಂಗ್ ಒಪ್ಪಿಸಿ ಬಂದರು.